ಕುರಿ ಹೋದ ಹೊಲದಲ್ಲಿ ಕೂಗಿದ ಫೋನು

ನನ್ನ ಅಂಗಿಯ ಜೇಬಿನಲ್ಲಿ ಸದಾ ಏಳೆಂಟು ಚೀಟಿಗಳಿರುತ್ತಿದ್ದವು. ಯಾರ ಎಮ್ಮೆಗೆ ಯಾವ ಔಷಧ, ಯಾವ ಊರಿಗೆ ಯಾವ ವಾರ ಹೋಗಬೇಕು, ಎಲ್ಲ ಅವುಗಳಲ್ಲೇ. ಒಮ್ಮೆ ಅಂಗಿಯ ಜೊತೆ ಚೀಟಿಗಳೂ ಒಗೆಯಲು ಹೋದವು. ಮೂರು ಊರಿನ ಕೆಲಸ ಹಿಟ್ಟಿನ ಮುದ್ದೆಯಂತಾಗಿ ಬಕೆಟ್ಟಿನ ತಳದಲ್ಲಿ ಕೂತಿತ್ತು. ನಮ್ಮ ಪಶು ಚಿಕಿತ್ಸಾಲಯಕ್ಕೆ ಆಗಷ್ಟೇ ಬಂದಿದ್ದ ಡಾಕ್ಟರ್ ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನಕ್ಕು ನನ್ನ ಫೋನು ಇಸಿದುಕೊಂಡರು.

"ಸರ್, ಇನ್ನ ಮ್ಯಾಲೆ ಚೀಟಿ ಬ್ಯಾಡ್ರಿ. ಇದರಾಗ ಕ್ಯಾಲೆಂಡರ್ ಐತಿ. ತಾರೀಖು ಹಾಕಿದ್ರ ಆ ದಿನ ಕೂಗ್ತೈತಿ. ಜಾಗ ಹಾಕಿದ್ರ ಆ ಜಾಗಕ್ಕ ನೀವು ಹೋದ ಕೂಡ್ಲೇ ಕೂಗ್ತೈತಿ."

"ಜಾಗಕ್ಕ ಹೋದದ್ದು ಅದಕ್ಕ ಹೆಂಗ ಗೊತ್ತಾಕ್ಕೈತ್ರಿ?"

"ಗೊತ್ತಾಕ್ಕೈತಿ ಸರ್. ನೀವು ತಲಿ ಕೆಡಿಸ್ಕೋಬ್ಯಾಡ್ರಿ."

ತಲೆ ಕೆಡಿಸಿಕೊಳ್ಳಬೇಡಿ ಎಂದ ಕ್ಷಣದಿಂದಲೇ ನನ್ನ ತಲೆ ಕೆಟ್ಟಿತು. ನಾನು ಡಾಕ್ಟರಲ್ಲ, ಅವರ ಕೈಕೆಳಗಿನ ಪಶು ಪರೀಕ್ಷಕ. ಹಳ್ಳಿಯವರ ಬಾಯಲ್ಲಿ ಮಾತ್ರ ಡಾಕ್ಟರ್, ಕುರಿಯವರ ಬಾಯಲ್ಲಿ "ಸೂಜಿ ಡಾಕ್ಟರ್". ಆ ಹೊತ್ತಿಗೆ ತಾವರಗೇರಾ ಸುತ್ತಿನ ಕುರಿ ಹಿಂಡುಗಳಿಗೆ ಕರುಳು ಬೇನೆಯ ಲಸಿಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ರೋಗ ಹೊಟ್ಟೆ ತುಂಬ ಮೇದ ಮರಿಯನ್ನೇ ಹಿಡಿಯುತ್ತದೆ. ಸಂಜೆ ಹಸಿ ಮೇವು ತಿಂದು ಕುಣಿದ ಮರಿ ಬೆಳಿಗ್ಗೆ ಕಾಲು ಸೆಟೆದು ಬಿದ್ದಿರುತ್ತದೆ. ಹಿಂದೆ ಲಸಿಕೆ ಕಾಣದ ಮರಿಗಳಿಗೆ ಒಂದು ಸೂಜಿ ಸಾಲದು. ಹದಿನಾಲ್ಕನೇ ದಿನದಿಂದ ಇಪ್ಪತ್ತೊಂದನೇ ದಿನದೊಳಗೆ ಇನ್ನೊಂದು ಬೀಳಲೇಬೇಕು.

ಹನ್ನೊಂದು ಹಿಂಡುಗಳಿಗೆ ಮೊದಲ ಸೂಜಿ ಹಾಕಿದೆ. ಪ್ರತಿ ಹಿಂಡಿನ ಹತ್ತಿರ ನಿಂತು, ಮೇಡಂ ತೋರಿಸಿಕೊಟ್ಟಂತೆ, ನಕ್ಷೆಯ ಮೇಲೆ ಬೆರಳು ಒತ್ತಿ ಹಿಡಿದೆ. ಕೆಂಪು ಗುರುತು ಟಪ್ಪನೆ ಬಂದು ಕೂತಿತು. ಅದಕ್ಕೆ "ಕುರಿ ಒಂದು", "ಕುರಿ ಎರಡು" ಎಂದು ಹೆಸರಿಟ್ಟೆ. ಕೆಳಗೆ "ತಲುಪಿದಾಗ" ಮತ್ತು "ಹೊರಟಾಗ" ಎಂಬ ಎರಡು ಆಯ್ಕೆ. "ತಲುಪಿದಾಗ" ಒತ್ತಿದೆ. ಎಷ್ಟು ದೂರದಿಂದ ಕೂಗಬೇಕು ಎಂದು ಕೇಳಿತು. ಕುರಿ ಆಚೀಚೆ ಮೇಯುತ್ತವಲ್ಲ ಎಂದು ಒಂದು ಕಿಲೋಮೀಟರ್ ಕೊಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

"ಕುರಿ ನಾಲ್ಕು" ಒಬ್ಬ ಹೆಣ್ಣುಮಗಳ ಹಿಂಡು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗಂಡ ತೀರಿದ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ತಾನೇ ಕುರಿ ಕಾಯುತ್ತಿದ್ದಳು. ನಲವತ್ತು ತಾಯಿಕುರಿ, ಇಪ್ಪತ್ತಾರು ಮರಿ. ಅವುಗಳ ಮೇಲೆಯೇ ಅವಳ ಬದುಕು. ಹಿಂದಿನ ವರ್ಷ ಗಂಗಾವತಿ ಕಡೆ ಭತ್ತ ಕೊಯ್ದ ಗದ್ದೆಗಳಿಗೆ ಇಳಿದಾಗ ಒಂದೇ ವಾರದಲ್ಲಿ ಹದಿನಾಲ್ಕು ಮರಿ ಕಳೆದುಕೊಂಡಿದ್ದಳು. ಸೂಜಿ ಎಂದರೆ ಅವಳಿಗೆ ಅಪನಂಬಿಕೆ. ಕುರಿ ಕುಂಟುತ್ತವೆ, ಗಬ್ಬದ ಕುರಿ ಕಂದು ಹಾಕುತ್ತವೆ ಎಂದು ಯಾರೋ ಹೇಳಿದ್ದರಂತೆ. ಒಂದು ಬೆಳಗು ಪೂರ್ತಿ ಕೂತು ಒಪ್ಪಿಸಿದೆ.

"ಒಂದ ಸೂಜಿ ಹಾಕಿ ನೀವು ಬರಲಿಲ್ಲಂದ್ರ?" ಎಂದಳು.

"ಬರ್ತೀನಿ ಯಕ್ಕಾ. ನಾ ಮರೆತ್ರೂ ನನ್ನ ಫೋನ್ ಮರೆಯೂದಿಲ್ಲ. ಇಲ್ನೋಡು." ಕೆಂಪು ಗುರುತು ತೋರಿಸಿದೆ.

ಅವಳು ಅದನ್ನು ನೋಡಲೇ ಇಲ್ಲ. "ಫೋನಿನ ಮಾತು ಬ್ಯಾಡ್ರಿ ಅಣ್ಣಾರ. ನೀವು ಮರೀಬ್ಯಾಡ್ರಿ, ಅಷ್ಟ ಸಾಕು," ಎಂದು ಮರಿಯೊಂದರ ಬೆನ್ನು ತಿಕ್ಕುತ್ತ ಕೂತಳು.

ಅವಳ ನಂಬರು ಬರೆದುಕೊಂಡಿದ್ದೆ. ಅದು ಬಟನ್ ಫೋನು. ಹೊಲದಲ್ಲಿ ಕರೆಂಟೆಲ್ಲಿ? ಮೂರು ದಿನಕ್ಕೊಮ್ಮೆ ಯಾರದೋ ಮನೆಯಲ್ಲಿ ಚಾರ್ಜಿಗೆ ಇಡುತ್ತಾರೆ, ಉಳಿದ ಹೊತ್ತು ಸ್ವಿಚ್ ಆಫ್. ಇರಲಿ, ನನ್ನ ಬಳಿ ಕೆಂಪು ಗುರುತಿದೆಯಲ್ಲ ಎಂಬ ಧೈರ್ಯ ನನಗೆ.

ಹದಿನಾಲ್ಕನೇ ದಿನ ಲಸಿಕೆಯ ಡಬ್ಬಿಗೆ ಐಸು ತುಂಬಿಕೊಂಡು ಹೊರಟೆ. ಈ ಲಸಿಕೆ ಬಿಸಿಯಾಗಲೂಬಾರದು, ಹೆಪ್ಪುಗಟ್ಟಲೂಬಾರದು. ಐಸು ಕರಗುವ ಹೊತ್ತಿಗೆ ಕೆಲಸ ಮುಗಿಸಿ ವಾಪಸ್ ಬರಬೇಕು. ಬೈಕಿನ ಮುಂದೆ ಫೋನು ಕಟ್ಟಿಕೊಂಡೆ. ಕುರಿ ಒಂದು, ಎರಡು, ಮೂರರ ಹೊಲಗಳಿಗೆ ಹೋದರೂ ಫೋನು ತುಟಿ ಬಿಚ್ಚಲಿಲ್ಲ. ಆ ಮೂರು ಹಿಂಡುಗಳು ರಸ್ತೆ ಪಕ್ಕದಲ್ಲೇ ಇದ್ದವು, ಕಣ್ಣಿಗೆ ಬಿದ್ದವು, ಸೂಜಿ ಹಾಕಿದೆ. ಆಮೇಲೆ ಒಳದಾರಿಗೆ ತಿರುಗಿದೆ. ಎರಡೂ ಕಡೆ ಎರೆಭೂಮಿ, ಕಡಲೆ, ಜೋಳ. ಒಂದು ಹೊಲದಂತೆ ಇನ್ನೊಂದು. ಕುರಿ ನಾಲ್ಕು ಇದ್ದದ್ದು ಇಲ್ಲೇ ಎನಿಸಿದ ಜಾಗದಲ್ಲಿ ಕುರಿಯೂ ಇಲ್ಲ, ಅವುಗಳನ್ನು ಕೂಡುವ ಬಲೆಯೂ ಇಲ್ಲ. ಫೋನೂ ಸುಮ್ಮನಿತ್ತು. ಆಗ ನನ್ನ ತಲೆಗೆ ಹೊಳೆದದ್ದೇನು ಗೊತ್ತೇ? ಫೋನು ಕೂಗಿಲ್ಲವೆಂದರೆ ಇದು ಆ ಹೊಲವೇ ಅಲ್ಲ! ಮುಂದೆ ಹೋದೆ, ಹಿಂದೆ ಬಂದೆ, ಹಳ್ಳ ದಾಟಿ ಆ ಕಡೆಯೂ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಐಸು ನೀರಾಗಿತ್ತು.

ಮೇಡಂ ಫೋನು ನೋಡಿ ಹಣೆ ಹಣೆ ಬಡಿದುಕೊಂಡರು. "ಸರ್, ಬ್ಯಾಟರಿ ಉಳಿಸೋ ಬಟನ್ ಒತ್ತೀರಿ. ಅದು ಆನ್ ಇದ್ರ ಇದು ಮಲಗಿಬಿಡ್ತೈತಿ. ಆಮ್ಯಾಲೆ ಲೊಕೇಶನ್ನಿಗೆ 'ಯಾವಾಗಲೂ' ಅಂತ ಅನುಮತಿ ಕೊಡಬೇಕು. ನೀವು 'ಈ ಸಲ ಮಾತ್ರ' ಅಂತ ಕೊಟ್ಟೀರಿ."

ಅನುಮತಿ ಕೇಳಿದ್ದು ನನಗೆ ನೆನಪಿತ್ತು. ಊರಿನ ಯಾವ ಮೂಲೆಯಲ್ಲಿದ್ದೇನೆ ಎಂದು ಯಾವಾಗಲೂ ಯಾರಿಗೋ ತಿಳಿಯುವುದು ಬೇಡವೆಂದು ನಾನೇ "ಈ ಸಲ ಮಾತ್ರ" ಎಂದಿದ್ದೆ. ಈಗ "ಯಾವಾಗಲೂ" ಎಂದು ಒತ್ತಿದ್ದೂ ಆಯಿತು.

ಮರುದಿನ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಫೋನು ಕೂಗಿತು. "ನೀವು ಕುರಿ ಒಂಬತ್ತು ತಲುಪಿದ್ದೀರಿ." ನಮ್ಮ ಮನೆ ಆ ಹಿಂಡಿನ ಒಂದು ಕಿಲೋಮೀಟರಿನ ಗಡಿಯ ಮೇಲೇ ಬರುತ್ತಿತ್ತು. ಹಿತ್ತಲಿಗೆ ಹೋಗಿ ಬಂದರೆ ಮತ್ತೆ ಕೂಗಿತು. ಹಾಲು ತರಲು ಹೋಗಿ ಬಂದರೆ ಮತ್ತೊಮ್ಮೆ.

"ಏನ್ರಿ ಅದು? ಮನಿಯಾಗ ಕುರಿ ಎಲ್ಲದಾವ?" ಎಂದಳು ಹೆಂಡತಿ.

"ಒಂದ ಅದಾವ," ಎಂದು ನನ್ನನ್ನೇ ತೋರಿಸಿಕೊಂಡು ಹೊರಟೆ.

ದಾರಿಯ ಚಹಾ ಅಂಗಡಿಯಲ್ಲಿ ಒಮ್ಮೆಗೇ ಮೂರು ಹಿಂಡುಗಳು ಕೂಗಿದವು. ಕುಳಿತಿದ್ದವರೆಲ್ಲ ನನ್ನನ್ನು ತಿರುಗಿ ನೋಡಿದರು. ಯಾವ ಗಂಟೆ ಯಾವ ಹಿಂಡಿಗೆ, ಮೊದಲು ಯಾವ ದಿಕ್ಕಿಗೆ ಹೋಗಬೇಕು, ಒಂದೂ ಗೊತ್ತಾಗಲಿಲ್ಲ. ನಿನ್ನೆ ಮೂಕವಾಗಿದ್ದ ಫೋನಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ, ಇಂದು ಬಾಯಿ ಮುಚ್ಚದ ಫೋನಿನ ಮೇಲೆ ಅದರ ಎರಡರಷ್ಟಿತ್ತು.

ಅಂಗಡಿಯಲ್ಲೇ ಕೂತು ಎಲ್ಲ ಗುರುತುಗಳ ದೂರವನ್ನು ಇನ್ನೂರು ಮೀಟರಿಗೆ ಇಳಿಸಿದೆ. ಆಮೇಲೆ ಕುರಿ ನಾಲ್ಕರ ಕಡೆಗೆ ಹೋದೆ. ನಿನ್ನೆ ನಿಂತ ಅದೇ ಹೊಲದಲ್ಲಿ ಫೋನು ಸ್ಪಷ್ಟವಾಗಿ ಕೂಗಿತು: "ಎರಡನೇ ಸೂಜಿ ಬಾಕಿ."

ನೆಲ ನೋಡಿದೆ. ಚೌಕಾಕಾರವಾಗಿ ಹಿಕ್ಕೆ ಬಿದ್ದಿತ್ತು. ಬಲೆಯ ಗೂಟ ಕಿತ್ತ ತೂತುಗಳಿದ್ದವು. ಮೂರು ಕಲ್ಲಿನ ಒಲೆಯಲ್ಲಿ ತಣ್ಣಗಿನ ಬೂದಿ. ಕುರಿ ಇದ್ದದ್ದು ಇಲ್ಲೇ. ಈಗ ಇಲ್ಲ.

ಕುರಿ ನಡೆಯುತ್ತವೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊಬ್ಬರಕ್ಕೆಂದು ಒಬ್ಬರ ಹೊಲದಲ್ಲಿ ಎರಡು ರಾತ್ರಿ, ಇನ್ನೊಬ್ಬರ ಹೊಲದಲ್ಲಿ ಮೂರು ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸುತ್ತಲೇ ಭತ್ತದ ಸೀಮೆಗೆ ಇಳಿಯುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಪರದೆಯ ಮೇಲೆ ಕೆಂಪು ಗುರುತು ಕೂತಾಗ ಕುರಿಯೂ ಅಲ್ಲೇ ಕೂತವು ಎಂದು ನಂಬಿಬಿಟ್ಟಿದ್ದೆ. ಈಗಲೂ ಅದು ಹೇಗಾಯಿತೆಂದು ನನಗೆ ಪೂರ್ತಿ ತಿಳಿಯುವುದಿಲ್ಲ.

ಅಷ್ಟರಲ್ಲಿ ದೂರದ ಬೋರಿನ ಮನೆಯ ಮುಂದೆ ಒಬ್ಬ ಮುದುಕ ಎದ್ದು ನಿಂತು ಟವೆಲ್ಲು ಬೀಸುತ್ತ ಒದರತೊಡಗಿದ. ಕೆಳಗೆ ನೋಡಿದೆ. ನನ್ನ ಬೈಕಿನ ಚಕ್ರ ಎಳೆ ಕಡಲೆಯ ಮೇಲೆ ನಿಂತಿತ್ತು. ಬೈಯುತ್ತಿದ್ದಾನೆ ಎಂದುಕೊಂಡೆ. ಮೊದಲೇ ತಲೆ ಬಿಸಿಯಾಗಿತ್ತು, ಬೈಸಿಕೊಳ್ಳುವ ತ್ರಾಣವಿರಲಿಲ್ಲ. ಕೈ ಮುಗಿದಂತೆ ಮಾಡಿ ಬೈಕು ತಿರುಗಿಸಿದೆ. ಮುದುಕ ನಾಲ್ಕು ಹೆಜ್ಜೆ ಓಡಿ ಬಂದದ್ದು ಕನ್ನಡಿಯಲ್ಲಿ ಕಂಡಿತು. ಜೋರಾಗಿ ಹೊಡೆದುಕೊಂಡು ಬಂದೆ.

ಹದಿನಾರನೇ ದಿನವೂ ಹಾಗೇ ಹೋಯಿತು. ಉಳಿದ ಹಿಂಡುಗಳಲ್ಲಿ ಕೆಲವು ಸಿಕ್ಕವು. ಎರಡು ಹಿಂಡುಗಳವರು ಪಕ್ಕದ ಊರಿನಿಂದ ತಾವೇ ಫೋನು ಮಾಡಿ ಕರೆದರು. ಕುರಿ ನಾಲ್ಕು ಮಾತ್ರ ಎಲ್ಲೂ ಇಲ್ಲ. ಅವಳ ನಂಬರಿಗೆ ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್. ಗುರುತು ತಪ್ಪಾಗಿ ಒತ್ತಿದೆನೇನೋ ಎಂದು ನಕ್ಷೆ ದೊಡ್ಡದು ಮಾಡಿದೆ, ಸಣ್ಣದು ಮಾಡಿದೆ. ಒಮ್ಮೆ ಬೆರಳು ಜಾರಿ ಕುರಿ ಏಳರ ಗುರುತು ಮುನಿರಾಬಾದಿನ ಹತ್ತಿರ ನೀರಿನ ನಡುವೆ ಹೋಗಿ ಕೂತಿತು. ಅದನ್ನು ಅಲ್ಲಿಂದ ಎತ್ತಿ ತರುವಷ್ಟರಲ್ಲಿ ಕುರಿ ಎಂಟು ಅಳಿಸಿಹೋಯಿತು. ಹಸಿರು ಗದ್ದೆಯಲ್ಲಿ ಅವಳ ಮರಿಗಳು ಬಾಯಾಡಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಬರುತ್ತೇನೆ ಎಂದು ಮಾತು ಕೊಟ್ಟವನು ನಾನು.

ಹದಿನೇಳನೇ ದಿನ ಮೇಡಂ ಮುಂದೆ ಕೂತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಸರ್, ಆ ಹೊಲದಾಗ ಯಾರನ್ನಾರ ಕೇಳಿದ್ರೇನು?" ಎಂದರು.

ಕಳೆದುಹೋದ ಎಮ್ಮೆ, ಹೆಸರು ಮರೆತ ಊರು, ಎಲ್ಲವನ್ನೂ ಇಷ್ಟು ವರ್ಷ ಕೇಳಿಯೇ ಹುಡುಕಿದವನು. ಮೂರು ದಿನ ಆ ಹೊಲಗಳಲ್ಲಿ ತಿರುಗಿದ್ದೆ, ಒಬ್ಬರನ್ನೂ ಮಾತನಾಡಿಸಿರಲಿಲ್ಲ.

"ಗಂಗಾವತಿ ಕಡೆ ದಾಟಿದ್ರ ಅದು ನಮ್ಮ ಹದ್ದು ಅಲ್ರಿ," ಎಂದರು ಮೇಡಂ. "ಅಲ್ಲಿಯವರಿಗೆ ಒಂದು ಪತ್ರ ಬರೆದು ಒಪ್ಪಿಸಬಹುದು. ನೀವ ಹೋಗ್ಬೇಕಂತ ಏನಿಲ್ಲ."

ನಿಯಮದ ಪ್ರಕಾರ ಅದು ಸರಿ. ಪತ್ರ ತಲುಪಿ, ಅವರು ಹೊರಟು, ಕುರಿ ಹುಡುಕುವಷ್ಟರಲ್ಲಿ ಇಪ್ಪತ್ತೊಂದನೇ ದಿನ ದಾಟಿರುತ್ತದೆ. "ನಾಳೆ ರಜಾ ಕೊಡ್ರಿ ಮೇಡಂ, ನಾ ಹೋಗಿ ಬರ್ತೀನಿ," ಎಂದೆ. ಅವರು ಅಲ್ಲಿಯ ಡಾಕ್ಟರಿಗೆ ತಾವೇ ಫೋನು ಮಾಡಿ ಒಪ್ಪಿಗೆ ಪಡೆದರು. "ರಜಾ ಬ್ಯಾಡ್ರಿ, ಕೆಲಸದ ಮ್ಯಾಲೆ ಹೋಗ್ರಿ," ಎಂದು ಲಸಿಕೆಯ ಎರಡು ಬಾಟಲಿ ಕೊಟ್ಟರು.

ಹದಿನೆಂಟನೇ ದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಫೋನಿನ ಲೊಕೇಶನ್ ಬಂದ್ ಮಾಡಿದ್ದು. ಅದನ್ನು ಜೇಬಿಗೆ ಹಾಕಿ ನೇರ ಆ ಬೋರಿನ ಮನೆಗೆ ಹೋದೆ. ಬೈಕು ಬದುವಿನ ಮೇಲೆ ನಿಲ್ಲಿಸಿ ನಡೆದುಕೊಂಡೇ ಹೋದೆ. ಮುದುಕ ಹೊರಸಿನ ಮೇಲೆ ಕೂತಿದ್ದ. ಬೈಗುಳಕ್ಕೆ ತಯಾರಾಗಿ ಕೈ ಮುಗಿದೆ.

"ಅಜ್ಜಾರ, ಮೊನ್ನೆ ಕಡಲಿ ತುಳದದ್ದು ತಪ್ಪಾತ್ರಿ."

"ಕಡಲಿ ಹಾಳಾಗಿ ಹೋಗ್ಲಿ!" ಎಂದ ಮುದುಕ. "ಎಷ್ಟ ಒದರಿದ್ನೋ ನಿನಗ! ಕಿವಿ ಕೇಳೂದಿಲ್ಲೇನ? ಸೂಜಿ ಡಾಕ್ಟರ್ ನೀನ ಹೌದಲ್ಲ?"

"ಹೌದ್ರಿ."

"ಆ ಕುರಿ ಅಕ್ಕ ಹೇಳಿ ಹೋಗ್ಯಾಳ. ಸೂಜಿ ಡಾಕ್ಟರ್ ಇಲ್ಲಿಗೆ ಬಂದ ಬರ್ತಾರ, ಬಂದ ಕೂಡ್ಲೇ ಹೇಳ್ರಿ ಅಜ್ಜಾ, ಕನಕಗಿರಿ ದಾರಿಯಾಗ ದಾಳಿಂಬ್ರಿ ತ್ವಾಟದ ಮಗ್ಗಲಕ ನಿಂತಿರ್ತೀವಿ ಅಂದಾಳ. ಮೂರು ದಿನದಿಂದ ಊಟಕ್ಕೂ ಊರಾಗ ಹೋಗಿಲ್ಲ ನಾ. ನೀ ಬಂದು ಹೋಗಿಬಿಟ್ಟೀಯಂತ ಇಲ್ಲೇ ಬುತ್ತಿ ತರಿಸ್ಕೊಂಡು ಕೂತೀನಿ."

ನನಗೆ ಅಳು ಬಂದಂತಾಯಿತು. ನಾಚಿಕೆಯೂ ಆಯಿತು. ನಾನು ಓಡಿ ಹೋದದ್ದು ನನಗಾಗಿಯೇ ಕಾಯುತ್ತಿದ್ದ ಮನುಷ್ಯನಿಂದ.

ದಾಳಿಂಬೆ ತೋಟದ ಮಗ್ಗುಲಲ್ಲಿ ಕುರಿ ಇರಲಿಲ್ಲ. ಈ ಸಲ ಗಾಬರಿಯಾಗಲಿಲ್ಲ. ಬೈಕು ನಿಲ್ಲಿಸಿ ಇಳಿಯುವ ಮೊದಲೇ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ಬಂದಳು.

"ಡಬ್ಬಿ ನೋಡಿ ಗುರ್ತು ಹಿಡದ್ನಿ. ನೀವ ಹೌದಲ್ರಿ ಸೂಜಿಯವ್ರು? ಅಕ್ಕಾರು ಶ್ರೀರಾಮನಗರದ ಕಡಿ ಹೋಗ್ಯಾರ. ನಾಲಿ ಪೂಲಿನ ಹತ್ರ ಕೇಳ್ರಿ ಅಂದಾರ. ಲಗೂನ ಹೋಗ್ರಿ."

ಗಂಗಾವತಿ ದಾಟುವಾಗ ಒಂದು ಕಡೆ ಐಸು ಬದಲಿಸಿಕೊಂಡೆ. ಶ್ರೀರಾಮನಗರದ ಹತ್ತಿರ ನಾಲೆಯ ಸೇತುವೆಯ ಮೇಲೆ ನಿಂತು ನೋಡಿದರೆ ಎಲ್ಲೆಲ್ಲೂ ಕೊಯ್ದ ಗದ್ದೆ. ಕೊಯ್ದ ಬುಡಗಳಿಂದ ಹಸಿರು ಚಿಗುರು ಎದ್ದಿತ್ತು. ನಡುನಡುವೆ ಉದುರಿದ ಭತ್ತ. ಕುರಿಗೆ ಹಬ್ಬದೂಟ, ಕರುಳು ಬೇನೆಗೂ ಹಬ್ಬದೂಟ. ಅವಳು ಕುರಿ ನಿಲ್ಲಿಸಿದ್ದ ಗದ್ದೆಯ ಮಾಲೀಕ ಅಲ್ಲೇ ಸಿಕ್ಕ, ಆಂಧ್ರದ ಕಡೆಯಿಂದ ಬಂದು ನೆಲೆಸಿದ ಮನೆತನದವನು. ಅವನಿಗೂ ಹೇಳಿಟ್ಟಿದ್ದಳು.

"ಡಾಕ್ಟರ್ ಗಾರೂ, ಬನ್ನಿ ಬನ್ನಿ. ಆ ಅಮ್ಮ ಬೆಳಿಗ್ಗೆಯಿಂದ ಈ ರೋಡೇ ನೋಡ್ತಾ ಇದಾಳೆ," ಎಂದು ಬದುವಿನ ಮೇಲೆ ಮುಂದೆ ಮುಂದೆ ನಡೆದ.

ಅವಳು ಬಲೆಯ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಗೋಣಿಚೀಲ ಮುಚ್ಚಿದ್ದ ಜಾಗ ತೋರಿಸಿದಳು. ಚೀಲ ಸರಿಸಿ ನೋಡಿದೆ. ಎರಡು ಮರಿ, ಕಾಲು ಸೆಟೆದು ಕತ್ತು ಹಿಂದಕ್ಕೆ ಬಾಗಿತ್ತು.

"ನಿನ್ನೆ ಮುಂಜಾನಿ ಒಂದು, ಇವತ್ತ ಮುಂಜಾನಿ ಒಂದು," ಎಂದಳು. "ದಾರಿ ಹೇಳಿ ಬಂದಿದ್ನೆಲ್ರಿ ಅಣ್ಣಾರ. ಯಾರೂ ಹೇಳಲಿಲ್ಲೇನು?"

"ಹೇಳಾಕ ಬಂದ್ರು. ನಾನ ಕೇಳಲಿಲ್ಲ," ಎಂದೆ.

ಅವಳು ಹೋಗಿ ಒಂದು ಮರಿಯನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದಳು. ತಮ್ಮ ಇನ್ನೊಂದನ್ನು ಹಿಡಿದ. ಸೂಜಿ ತೆಗೆದು, ಒಂದೊಂದಕ್ಕೂ ಎರಡೂವರೆ ಎಂ.ಎಲ್., ಚರ್ಮದ ಕೆಳಗೆ. ಸೂಜಿ ಬಿದ್ದ ಮರಿಯ ನೆತ್ತಿಗೆ ಅವಳು ಕುಂಕುಮದ ಬೊಟ್ಟು ಒತ್ತಿ ಬಿಡುತ್ತಿದ್ದಳು, ಎರಡು ಸಲ ಬೀಳಬಾರದೆಂದು. ಇಪ್ಪತ್ನಾಲ್ಕು ಮರಿ ಮುಗಿದ ಮೇಲೆ ತಾಯಿಕುರಿಗಳಿಗೂ ಹಾಕಿದೆ. ಸೂಜಿ ಬಿದ್ದ ಕೂಡಲೇ ಬಲ ಬರುವುದಿಲ್ಲ, ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಒಣಮೇವು ತಿನ್ನಿಸಿ, ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಗದ್ದೆಗೆ ಬಿಡಬೇಕು ಎಂದೆ. ಮಾಲೀಕ ತನ್ನ ಬಣವೆಯಿಂದ ಹುಲ್ಲು ಕೊಡುತ್ತೇನೆ ಎಂದ.

ಮೂರು ದಿನ ಮೊದಲೇ ಸೂಜಿ ಬಿದ್ದಿದ್ದರೆ ಆ ಎರಡು ಮರಿ ಉಳಿಯುತ್ತಿದ್ದವೇ? ಮೇಡಂ ಅವರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು ಎಂದರು. ಒಣಮೇವಿನ ಮಾತನ್ನಾದರೂ ಮೂರು ದಿನ ಮೊದಲು ಹೇಳಬಹುದಿತ್ತಲ್ಲ ಎಂಬುದು ಮಾತ್ರ ನನ್ನನ್ನು ಈಗಲೂ ಬಿಟ್ಟಿಲ್ಲ. ಉಳಿದ ಇಪ್ಪತ್ನಾಲ್ಕರಲ್ಲಿ ಒಂದೂ ಸಾಯಲಿಲ್ಲ. ಹತ್ತು ದಿನ ಬಿಟ್ಟು ಅವಳ ಬಟನ್ ಫೋನಿನಿಂದ ಕರೆ ಬಂತು. "ಎಲ್ಲಾ ಆರಾಮದಾವ್ರಿ," ಎಂದಳು. ಅಷ್ಟೇ, ಇಟ್ಟುಬಿಟ್ಟಳು.

ನಾನು ಚೀಟಿಗೆ ವಾಪಸಾಗಲಿಲ್ಲ. ಕ್ಯಾಲೆಂಡರು ಈಗಲೂ ಫೋನಿನಲ್ಲಿದೆ. ತಾರೀಖಿನ ಕೆಲಸ ಅದಕ್ಕೇ ಬಿಟ್ಟಿದ್ದೇನೆ. ಅದು ತಪ್ಪುವುದಿಲ್ಲ, ನಾನು ತಪ್ಪುತ್ತೇನೆ. ಜಾಗದ ಗುರುತುಗಳನ್ನು ಮಾತ್ರ ಒಂದೊಂದಾಗಿ ಕಿತ್ತು ಬೇರೆ ಕಡೆ ನೆಟ್ಟೆ. ಕುರಿ ನಿಂತ ಹೊಲದಲ್ಲಲ್ಲ, ಅದರ ಹತ್ತಿರದ ಬೋರಿನ ಮನೆ, ಚಹಾ ಅಂಗಡಿ, ಸೇತುವೆಯ ಪಕ್ಕದ ಮನೆ, ಹೀಗೆ ಮನುಷ್ಯರು ಇರುವ ಕಡೆ. ಕುರಿ ನಾಲ್ಕರ ಗುರುತು ಮುದುಕನ ಹೊರಸಿನ ಮೇಲೆಯೇ ಇದೆ. ಬರಹ ಬದಲಿಸಿದ್ದೇನೆ: "ಇಳಿ. ಅಜ್ಜನನ್ನು ಕೇಳು." ಮೇಡಂ ಅದನ್ನು ಓದಿ, ಇಂಥ ಜ್ಞಾಪನೆ ಎಲ್ಲೂ ನೋಡಿಲ್ಲ ಎಂದು ನಕ್ಕರು.

ಮೊನ್ನೆ ಬೇರೆ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಫೋನು ಕೂಗಿತು. ಅವಳ ಹಿಂಡು ಈ ಕಡೆ ತಿರುಗಲು ಇನ್ನೂ ತಿಂಗಳಿತ್ತು, ನನಗೆ ಗೊತ್ತಿತ್ತು. ಆದರೂ ಬೈಕು ಬದುವಿನ ಮೇಲೆ ನಿಲ್ಲಿಸಿ ಇಳಿದೆ. ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, ದೂರದಿಂದಲೇ ಒದರಿದ.

"ಇನ್ನೂ ಬಂದಿಲ್ಲೋ ತಮ್ಮಾ! ಬಂದ್ರ ಹೇಳ್ತೀನಿ. ಈ ಸಲ ಓಡಿ ಹೋಗಬ್ಯಾಡ, ಬಾ, ಕುಂದ್ರು."